ಒಂದೇ ಹೆಸರಿನ ಊರುಗಳು ಮತ್ತು ಕೋಷ್ಟಕಗಳ ಜೋಡಣೆ

ನಲ್ಲೂರು ಯಾವ ಜಿಲ್ಲೆಗೆ ಸೇರಿದೆ? ಚನ್ನಗಿರಿ ತಾಲ್ಲೂಕಿನ ನಲ್ಲೂರು 1991ರ ಜನಗಣತಿಯಲ್ಲಿ ಶಿವಮೊಗ್ಗ ಜಿಲ್ಲೆಯ ಗ್ರಾಮ. 2001ರ ಜನಗಣತಿಯಲ್ಲಿ ದಾವಣಗೆರೆ ಜಿಲ್ಲೆಯದು. ಊರು ಇದ್ದಲ್ಲೇ ಇತ್ತು. 1997ರ ಆಗಸ್ಟ್ 15ರಂದು ಜಿಲ್ಲೆಯ ಗಡಿ ಬದಲಾಯಿತು.

ಹೊಸ ಜಿಲ್ಲೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ದಾವಣಗೆರೆ, ಹರಿಹರ, ಜಗಳೂರುಗಳು ಚಿತ್ರದುರ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ ಮುಂದೆ ಬಳ್ಳಾರಿಗೆ ಮರಳಿ, 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿತು. 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳ ಪೈಕಿ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಯಿತು. ಹೀಗಾಗಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 1991ರಿಂದ ಎಷ್ಟು ಬೆಳೆಯಿತೆಂದು ತಿಳಿಯಬೇಕಾದವರು ಹಳೆಯ ಜಿಲ್ಲೆಗಳ ಕೋಷ್ಟಕಗಳನ್ನು ಒಟ್ಟುಗೂಡಿಸಿ, ಬೇಕಾದ ತಾಲ್ಲೂಕುಗಳನ್ನು ಆರಿಸಿಕೊಳ್ಳಬೇಕು.

ಕಂಪ್ಯೂಟರಿನ ಸ್ಪ್ರೆಡ್‌ಶೀಟ್ ಇದನ್ನು ಕ್ಷಣದಲ್ಲಿ ಮಾಡುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಒಂದೇ ಕ್ರಮದ ಕಾಲಂಗಳಿರುವ ಕೋಷ್ಟಕಗಳನ್ನು ಪುಷ್ಪಾವರಣದೊಳಗೆ ಅರ್ಧವಿರಾಮ ಹಾಕಿ ಬರೆದರೆ ಅವು ಒಂದರ ಕೆಳಗೊಂದು ಕೂಡಿಕೊಳ್ಳುತ್ತವೆ. ಆ ಮೇಲೆ 'ಕ್ವೆರಿ' ಎಂಬ ಸೂತ್ರ ಬೇಕಾದ ಸಾಲುಗಳನ್ನು ಹೆಕ್ಕಿ, ತಾಲ್ಲೂಕುವಾರು ಮೊತ್ತ ಕೊಡುತ್ತದೆ. ಆದರೆ ಒಂದು ಕೋಷ್ಟಕದ ಜನಸಂಖ್ಯೆಯ ಪಕ್ಕದಲ್ಲಿ ಇನ್ನೊಂದರ ಶಾಲೆಗಳ ಲೆಕ್ಕ ಕೂರಿಸುವ ಕೆಲಸ 'ಕ್ವೆರಿ'ಯಿಂದಾಗದು. ಅದಕ್ಕೆ 'ವಿಲುಕಪ್'ನಂಥ ಸೂತ್ರ ಬೇಕು. ಎರಡರಲ್ಲೂ ಸಮಾನವಾದ ಗುರುತೊಂದು ಇರಬೇಕು.

ಊರಿನ ಹೆಸರನ್ನೇ ಗುರುತಾಗಿ ಬಳಸಿದರೆ ತೊಡಕು ಶುರುವಾಗುತ್ತದೆ. ಕಾರ್ಕಳ ತಾಲ್ಲೂಕಿನಲ್ಲೊಂದು ನಲ್ಲೂರಿದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. 'ವಿಲುಕಪ್' ಮೊದಲು ಸಿಕ್ಕ ನಲ್ಲೂರನ್ನೇ ಹಿಡಿದು ಉಳಿದವನ್ನು ಬಿಟ್ಟುಬಿಡುತ್ತದೆ. ದತ್ತಸಂಚಯದ ಜೋಡಣೆಯಾದರೋ ಎರಡೂ ಕಡೆ ಮೂರು ನಲ್ಲೂರುಗಳಿದ್ದರೆ ಮೂರು ಮೂರಲ ಒಂಬತ್ತು ಸಾಲು ಹುಟ್ಟಿಸುತ್ತದೆ. ಎರಡೂ ಸಂದರ್ಭಗಳಲ್ಲಿ ಯಂತ್ರ ತಪ್ಪೆಂದು ಹೇಳುವುದಿಲ್ಲ. ತಪ್ಪು ಅಂಕಿಯೂ ಸರಿ ಅಂಕಿಯಷ್ಟೇ ಅಚ್ಚುಕಟ್ಟಾಗಿ ಕಾಣುತ್ತದೆ. ಅದನ್ನು ನಂಬಿ ಒಂದೂರಿನ ಶಾಲಾ ಕೊಠಡಿ ಇನ್ನೊಂದೂರಿನ ಲೆಕ್ಕಕ್ಕೆ ಹೋಗಬಹುದು.

ಈ ತೊಡಕು ಕಂಪ್ಯೂಟರಿಗಿಂತ ಹಳೆಯದು. ಬಿ.ಎಲ್. ರೈಸ್ ಮೈಸೂರು ಸೀಮೆಯ ಸಾವಿರಾರು ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಜೋಡಿಸಿದಾಗ ಪ್ರತಿ ತಾಲ್ಲೂಕಿಗೂ ಒಂದರಿಂದ ಸಂಖ್ಯೆ ಆರಂಭಿಸಿದರು. ಬರೀ ಸಂಖ್ಯೆ ಹೇಳಿದರೆ ಶಾಸನ ಸಿಗದು. ತಾಲ್ಲೂಕಿನ ಹೆಸರೂ ಜೊತೆಗಿರಬೇಕು. ಚನ್ನಗಿರಿ, ಹೊನ್ನಾಳಿಗಳ ಶಾಸನಗಳು 1902ರ ಏಳನೆಯ ಸಂಪುಟದಲ್ಲಿವೆ, ಜಗಳೂರಿನವು ಹನ್ನೊಂದನೆಯದರಲ್ಲಿ. ನ್ಯಾಮತಿ ಭಾಗದ ಶಾಸನ ಹುಡುಕುವವರು ಇಂದೂ ಹೊನ್ನಾಳಿಯ ಪುಟಗಳನ್ನೇ ತಿರುವಬೇಕು. ಜಿಲ್ಲೆಗಳು ಬದಲಾದರೂ ತಾಲ್ಲೂಕು ಮತ್ತು ಸಂಖ್ಯೆಯ ಆ ಜೋಡಿ ಗುರುತು ಕೆಡಲಿಲ್ಲ.

1970ರಲ್ಲಿ ಐಬಿಎಂ ಸಂಸ್ಥೆಯ ಇ.ಎಫ್. ಕಾಡ್ ದತ್ತಾಂಶವನ್ನು ಕೋಷ್ಟಕಗಳಾಗಿ ಇಡುವ ಸಿದ್ಧಾಂತ ಮಂಡಿಸಿದಾಗ ಇದೇ ವಿವೇಕವನ್ನು ನಿಯಮವಾಗಿಸಿದರು: ಪ್ರತಿ ಸಾಲಿಗೂ ಬೇರೆ ಯಾವ ಸಾಲಿಗೂ ಇಲ್ಲದ ಗುರುತು ಇರಬೇಕು. 2011ರ ಜನಗಣತಿ ಪ್ರತಿ ಗ್ರಾಮಕ್ಕೂ ಆರಂಕಿಯ ಸಂಕೇತ ಸಂಖ್ಯೆ ಕೊಟ್ಟಿತು. ಊರಿನವರಿಗೆ ನಲ್ಲೂರೆಂಬ ಹೆಸರು ಸಾಕು. ಅವರ ಶಾಲೆ, ಕೆರೆ, ರಸ್ತೆಗಳ ಲೆಕ್ಕ ಬರೆಯುವವರು ಮಾತ್ರ ಹೆಸರಿನ ಜೊತೆಗೆ ಆ ಸಂಖ್ಯೆಯನ್ನೂ ಬರೆಯುವುದು ಲೇಸು.