ಚಂದ್ರನ ಮೇಲಿನ ವೃದ್ಧ: ಒಂದು ಕ್ರಿಸ್ಮಸ್ ಜಾಹೀರಾತು ಮತ್ತು ಹಬ್ಬದ ಒಡೆತನ

1647ರ ಡಿಸೆಂಬರ್ 25ರಂದು ಇಂಗ್ಲೆಂಡಿನ ಕ್ಯಾಂಟರ್ಬರಿ ಪಟ್ಟಣದ ಜನರು, ಬಾಗಿಲು ತೆರೆದಿದ್ದ ಕೆಲವು ಅಂಗಡಿಗಳಿಗೆ ನುಗ್ಗಿ ಸರಕುಗಳನ್ನು ಬೀದಿಗೆ ಚೆಲ್ಲಿದರು. ಆ ವರ್ಷದ ಜೂನ್ ತಿಂಗಳಲ್ಲಿ, ಪ್ಯೂರಿಟನ್ನರ ಪ್ರಭಾವಕ್ಕೊಳಗಾಗಿದ್ದ ಸಂಸತ್ತು ಕ್ರಿಸ್ಮಸ್, ಈಸ್ಟರ್ ಮತ್ತು ಪಂಚಾಶತ್ತಮ ಹಬ್ಬಗಳನ್ನು ರದ್ದುಗೊಳಿಸಿತ್ತು. ಆ ದಿನವೂ ಎಂದಿನಂತೆ ವ್ಯಾಪಾರ ನಡೆಯತಕ್ಕದ್ದೆಂಬುದು ಪಟ್ಟಣದ ಮೇಯರನ ಆಜ್ಞೆಯಾಗಿತ್ತು. ಜನರ ಕೋಪವು ಶುದ್ಧ ಭಕ್ತಿಯಿಂದಲೇ ಹುಟ್ಟಿತೆಂದು ಹೇಳಲಾಗದು. ಬೀದಿಯಲ್ಲಿ ಚೆಂಡಾಟವೂ ನಡೆಯಿತು, ಅರಸನ ಪಕ್ಷದ ರಾಜಕೀಯವೂ ಅದರಲ್ಲಿ ಬೆರೆತಿತ್ತು. ಆದರೂ ಒಂದು ಮಾತು ಸ್ಪಷ್ಟ. ಅಂಗಡಿ ತೆರೆದಿರುವುದೇ ಹಬ್ಬಕ್ಕೆ ಮಾಡಿದ ಅವಮಾನವೆಂದು ಆ ಜನರು ತಿಳಿದಿದ್ದರು.

ಅದೇ ದೇಶದಲ್ಲಿ 2015ರ ನವೆಂಬರ್ 6ರಂದು ಹಬ್ಬದ ಆಗಮನವನ್ನು ಸಾರಿದ್ದು ಒಂದು ಅಂಗಡಿ. 1864ರಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಬೀದಿಯಲ್ಲಿ ಆರಂಭಗೊಂಡ ಜಾನ್ ಲೂಯಿಸ್ ಎಂಬ ಡಿಪಾರ್ಟ್‌ಮೆಂಟ್ ಸ್ಟೋರ್ 2007ರಿಂದೀಚೆಗೆ ಪ್ರತಿ ವರ್ಷವೂ ದೂರದರ್ಶನಕ್ಕಾಗಿ ಕ್ರಿಸ್ಮಸ್ ಜಾಹೀರಾತೊಂದನ್ನು ಸಿದ್ಧಪಡಿಸುತ್ತ ಬಂದಿತ್ತು. ಕ್ರಮೇಣ ಜನರು ಅದಕ್ಕಾಗಿ ಕಾಯತೊಡಗಿದರು. ಅದು ಬಂದ ದಿನವೇ ಪತ್ರಿಕೆಗಳು ವಿಮರ್ಶೆ ಬರೆದವು; ಅತ್ತವರು ತಾವು ಅತ್ತೆವೆಂದು ಹೇಳಿಕೊಂಡರು; ಹಿಂದಿನ ವರ್ಷದ್ದೇ ಚೆನ್ನಾಗಿತ್ತೆಂದು ಕೆಲವರು ವಾದಿಸಿದರು. ಆ ವರ್ಷ ಸಭೆಯ ಪಂಚಾಂಗದಲ್ಲಿ ಆಗಮನಕಾಲದ ಮೊದಲ ಭಾನುವಾರ ಬಿದ್ದದ್ದು ನವೆಂಬರ್ 29ಕ್ಕೆ. ಅಂಗಡಿಯ ಆಗಮನಕಾಲವು ಮೂರು ವಾರ ಮೊದಲೇ ಬಂದಿತ್ತು.

ಕಥೆ ಸರಳವಾದದ್ದು. ಲಿಲಿ ಎಂಬ ಬಾಲಕಿ ತನ್ನ ಮನೆಯ ದೂರದರ್ಶಕದಿಂದ ನೋಡುವಾಗ ಚಂದ್ರನ ಮೇಲೆ ಒಂಟಿಯಾಗಿ ವಾಸಿಸುವ ಒಬ್ಬ ವೃದ್ಧ ಕಾಣಿಸುತ್ತಾನೆ. ಅವಳು ಕೈಬೀಸುತ್ತಾಳೆ, ಪತ್ರ ಕಳುಹಿಸಲು ಹವಣಿಸುತ್ತಾಳೆ. ಯಾವುದೂ ಅವನನ್ನು ಮುಟ್ಟುವುದಿಲ್ಲ. ಕ್ರಿಸ್ಮಸ್ ದಿನ ಬಲೂನುಗಳಿಗೆ ಕಟ್ಟಿದ ಉಡುಗೊರೆಯೊಂದು ಅವನ ಬಳಿಗೆ ತೇಲಿಬರುತ್ತದೆ. ಅದೂ ಒಂದು ದೂರದರ್ಶಕವೇ. ವೃದ್ಧನು ಅದರ ಮೂಲಕ ಭೂಮಿಯನ್ನು ನೋಡುತ್ತಾನೆ, ಬಾಲಕಿಯನ್ನು ಕಾಣುತ್ತಾನೆ, ಅವನ ಕಣ್ಣು ಒದ್ದೆಯಾಗುತ್ತದೆ. ವೃದ್ಧರ ಸೇವೆಗೆ ಮೀಸಲಾದ ಏಜ್ ಯುಕೆ ಎಂಬ ಸಂಸ್ಥೆಯೊಡನೆ ಸೇರಿ ಈ ಪ್ರಚಾರವನ್ನು ನಡೆಸಲಾಗಿತ್ತು. ಒಂದು ತಿಂಗಳವರೆಗೂ ಯಾರೊಂದಿಗೂ ಮಾತಿಲ್ಲದೆ ಬದುಕುವ ವೃದ್ಧರು ಆ ದೇಶದಲ್ಲಿ ಹತ್ತು ಲಕ್ಷದಷ್ಟಿದ್ದಾರೆಂದು ಆ ಸಂಸ್ಥೆ ಹೇಳುತ್ತಿತ್ತು.

ವ್ಯಾಪಾರಿಯ ಕರುಣೆಯನ್ನು ಕಂಡೊಡನೆ ಮೂಗು ಮುರಿಯುವುದು ನಮ್ಮಂಥವರಿಗೆ ಸುಲಭ. ಆದರೆ ಕ್ರಿಸ್ಮಸ್ ಚಿತ್ರಗಳ ಚರಿತ್ರೆಯಲ್ಲಿ ವ್ಯಾಪಾರವೂ ಕರುಣೆಯೂ ಮೊದಲಿನಿಂದಲೇ ಒಂದೇ ಕಾಗದದ ಮೇಲಿವೆ. 1843ರಲ್ಲಿ ಹೆನ್ರಿ ಕೋಲ್ ಎಂಬವರು ಚಿತ್ರಕಾರ ಜಾನ್ ಕ್ಯಾಲ್ಕಾಟ್ ಹಾರ್ಸ್ಲಿಯವರಿಂದ ಬರೆಸಿ, ಒಂದು ಶಿಲ್ಲಿಂಗಿಗೆ ಒಂದರಂತೆ ಮಾರಿದ ಮೊದಲ ಕ್ರಿಸ್ಮಸ್ ಕಾರ್ಡಿನ ಎರಡು ಅಂಚುಗಳಲ್ಲಿ ಹಸಿದವರಿಗೆ ಅನ್ನವನ್ನೂ ಬಟ್ಟೆಯಿಲ್ಲದವರಿಗೆ ಬಟ್ಟೆಯನ್ನೂ ಕೊಡುವ ಚಿತ್ರಗಳಿದ್ದವು. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯವನ್ನು ಬಲ್ಲವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ. ಆದರೆ ಜನರ ಗದ್ದಲವೆದ್ದದ್ದು ನಡುವಣ ಚಿತ್ರದ ಬಗ್ಗೆ: ಹಬ್ಬದೂಟಕ್ಕೆ ಕುಳಿತ ಕುಟುಂಬವೊಂದು ಮಗುವಿಗೆ ದ್ರಾಕ್ಷಾರಸ ಕುಡಿಸುತ್ತಿದೆಯೆಂದು ಪಾನವಿರೋಧಿಗಳು ಕೆರಳಿದರು. ಅಂಚಿನಲ್ಲಿದ್ದ ಬಡವರ ಬಗ್ಗೆ ಅಷ್ಟು ಚರ್ಚೆಯಾಗಲಿಲ್ಲ.

2015ರ ಪ್ರತಿಕ್ರಿಯೆಗಳಿಗೆ ಮರಳೋಣ. ಅವು ಬಗೆಬಗೆಯಾಗಿದ್ದವು. ಮನಕರಗಿದವರು ಬಹುಮಂದಿ. ಸರಕು ಮಾರಲು ಒಂಟಿತನವನ್ನು ಬಳಸಿದ್ದಾರೆಂದು ಸಿಟ್ಟಾದವರೂ ಇದ್ದರು. ಆಲ್ಡಿ ಎಂಬ ಅಗ್ಗದ ಅಂಗಡಿ ಆ ಕಥೆಯನ್ನೇ ಅಣಕಿಸಿ ತನ್ನ ಜಾಹೀರಾತನ್ನು ಮಾಡಿತು. ನಮ್ಮ ಗಮನವನ್ನು ವಿಶೇಷವಾಗಿ ಸೆಳೆಯುವುದು ಗೇಲಿಗಾರರ ಗುಂಪು. ಅವರ ಪ್ರಶ್ನೆ ಇದು: ಮುದುಕನಿಗೆ ದೂರದರ್ಶಕವನ್ನು ಕಳುಹಿಸಿ ಏನು ಪ್ರಯೋಜನ? ತಾನಿಲ್ಲದ ಹಬ್ಬವನ್ನು ದೂರದಿಂದ ನೋಡುತ್ತ ಕುಳಿತಿರಲೆಂದೇ? ಅವನನ್ನು ಯಾರೂ ಏಕೆ ಕೆಳಗೆ ಕರೆತರಲಿಲ್ಲ?

ಹಾಸ್ಯಕ್ಕಾಗಿ ಕೇಳಿದ ಈ ಪ್ರಶ್ನೆಯಲ್ಲಿ, ಕೇಳಿದವರಿಗೇ ಅರಿವಿಲ್ಲದಂತೆ, ನರಾವತಾರದ ಬೋಧನೆ ಅಡಗಿದೆ. ಬೇತ್ಲೆಹೇಮಿನಲ್ಲಿ ದೇವರು ದೂರದಿಂದ ನೋಡುವ ಉಪಕರಣವನ್ನು ಕಳುಹಿಸಲಿಲ್ಲ. ಯೋಹಾನನು ಸಾಕ್ಷಿ ನುಡಿಯುವ ವಾಕ್ಯವು ಶರೀರಧಾರಿಯಾಗಿ ಮನುಷ್ಯರ ನಡುವೆ ಬಿಡಾರ ಹೂಡಿತು. ಅಂಗಡಿಗೆ ಇದನ್ನು ಚಿತ್ರಿಸುವುದು ಕಷ್ಟ. ಬಲೂನಿಗೆ ಕಟ್ಟಿ ಕಳುಹಿಸಬಹುದಾದದ್ದನ್ನು ಮಾತ್ರ ಅದು ಮಾರಬಲ್ಲದು. ಹೋಗಿ ಜೊತೆಯಲ್ಲಿ ಕುಳಿತುಕೊಳ್ಳುವುದಕ್ಕೆ ಬೆಲೆಚೀಟಿ ಅಂಟಿಸಲು ಬರುವುದಿಲ್ಲ. ಇದು ಅಂಗಡಿಯ ಪಾಪವಲ್ಲ, ಅದರ ಎಲ್ಲೆ.

ಅದೇ ನವೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ಸಭೆಯೂ ಒಂದು ಜಾಹೀರಾತಿನೊಡನೆ ಸುದ್ದಿಯಲ್ಲಿತ್ತು. ಕರ್ತನು ಕಲಿಸಿದ ಪ್ರಾರ್ಥನೆಯನ್ನು ಮಹಾಧರ್ಮಾಧ್ಯಕ್ಷ ಜಸ್ಟಿನ್ ವೆಲ್ಬಿಯವರೂ ಹಲವು ಜನಸಾಮಾನ್ಯರೂ ಸಾಲುಸಾಲಾಗಿ ಹೇಳುವ, ಸುಮಾರು ಒಂದು ನಿಮಿಷದ ಆ ಚಿತ್ರವನ್ನು ಡಿಸೆಂಬರಿನಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರಕ್ಕೆ ಮುನ್ನ ತೋರಿಸಬೇಕೆಂಬ ಉದ್ದೇಶವಿತ್ತು. ಧಾರ್ಮಿಕ ಹಾಗೂ ರಾಜಕೀಯ ಜಾಹೀರಾತುಗಳನ್ನು ತಾನು ಸ್ವೀಕರಿಸುವುದಿಲ್ಲವೆಂದು, ದೊಡ್ಡ ಚಿತ್ರಮಂದಿರಗಳ ಪರವಾಗಿ ಜಾಹೀರಾತು ನೋಡಿಕೊಳ್ಳುವ ಡಿಜಿಟಲ್ ಸಿನಿಮಾ ಮೀಡಿಯಾ ನಿರಾಕರಿಸಿತು. ನಾಸ್ತಿಕರಾದ ರಿಚರ್ಡ್ ಡಾಕಿನ್ಸ್ ಕೂಡ ಆ ನಿರಾಕರಣೆಯನ್ನು ಒಪ್ಪಲಿಲ್ಲ. ಅಂಗಡಿಯ ಕ್ರಿಸ್ಮಸ್‌ಗೆ ಮನೆಮನೆಯ ಪರದೆಯೂ ತೆರೆದಿರಲು, ಕ್ರಿಸ್ತನ ಪ್ರಾರ್ಥನೆಗೆ ಚಿತ್ರಮಂದಿರದ ಪರದೆ ಮುಚ್ಚಿತೆಂದು ಮರುಗುವುದು ಸಹಜವೇ. ನಾವೂ ಮೊದಲು ಹಾಗೆಯೇ ಮರುಗಿದೆವು. ಆದರೆ ಇಲ್ಲಿಯೂ ಸಭೆ ಬಯಸಿದ್ದು ಪರದೆಯೊಂದನ್ನೇ. ಆ ಚಿತ್ರಕ್ಕೆ ಅನುಮತಿ ದೊರೆತಿದ್ದರೂ ಕತ್ತಲೆಯಲ್ಲಿ ಕುಳಿತವರು ಪ್ರಾರ್ಥನೆಯನ್ನು ದೂರದಿಂದ ನೋಡುತ್ತಿದ್ದರು, ಅಷ್ಟೆ.

ಏಜ್ ಯುಕೆಗೆ ಆ ಪ್ರಚಾರದಿಂದ ಲಾಭವಾದದ್ದು ನಿಜ. ಸ್ವಯಂಸೇವಕರಾಗಲು ಮುಂದೆ ಬಂದವರ ಸಂಖ್ಯೆ ಏರಿತು. ಹಾಗೆ ಬಂದವರು ಮಾಡಬೇಕಾದದ್ದು ಜಾಹೀರಾತಿನಲ್ಲಿ ಇರಲಿಲ್ಲ: ವಾರಕ್ಕೊಮ್ಮೆ ಒಂದು ಬಾಗಿಲನ್ನು ತಟ್ಟಿ, ಕಿವಿ ಮಂದವಾದವರ ಪಕ್ಕದಲ್ಲಿ ಕುಳಿತು, ಹೋದ ವಾರ ಕೇಳಿದ ಕಥೆಯನ್ನೇ ಮತ್ತೆ ಕೇಳುವುದು.