ಟಪಾಲು ನಿಂತ ಜುಲೈ

1946ರ ಜುಲೈ 11. ಪೋಸ್ಟ್‌ಮನ್ನರೂ ಕೆಳದರ್ಜೆಯ ಅಂಚೆ ನೌಕರರೂ ದೇಶದಾದ್ಯಂತ ಮುಷ್ಕರ ಹೂಡಿದರು. ಯುದ್ಧ ಮುಗಿದರೂ ಅಕ್ಕಿ-ಬೇಳೆಯ ಬೆಲೆ ಇಳಿದಿರಲಿಲ್ಲ. ಅವರು ಕೇಳಿದ್ದು ಸಂಬಳದ ಏರಿಕೆ. 1880ರಿಂದ ಮನಿಯಾರ್ಡರ್ ಹೊತ್ತು ಪರರ ಮನೆಯ ಒಲೆ ಉರಿಸಿದ ಇಲಾಖೆ ಅದು. ಮುಂಬಯಿಯಿಂದ ಊರಿಗೆ ದುಡ್ಡು ಕಳಿಸುವ ಗಿರಣಿ ಕೂಲಿಗಳಿಗೆ, ನಮ್ಮ ಉಡುಪಿ ಹೋಟೆಲಿನ ಹುಡುಗರಿಗೆ ಅಂಚೆಯ ಬೆಲೆ ಗೊತ್ತಿತ್ತು. ಟಪಾಲು ನಿಂತರೆ ಮೊದಲು ಬಿಸಿ ತಟ್ಟುವುದು ಇಂಥವರಿಗೇ. ಅಂಥ ದುಡಿಯುವ ಜನರೇ ಅಂಚೆಯವರ ಬೆನ್ನಿಗೆ ನಿಂತದ್ದು ನನಗೆ ಈಗಲೂ ಸೋಜಿಗ. ಜುಲೈ 29ರಂದು ಅವರಿಗಾಗಿ ಕಲ್ಕತ್ತೆಯೇ ಬಂದ್: ಟ್ರಾಮು, ಕಾರ್ಖಾನೆ, ಕಚೇರಿ ಎಲ್ಲ. ಹಿಂದೂ-ಮುಸ್ಲಿಂ ಕಾರ್ಮಿಕರು ಒಟ್ಟಿಗೆ ಬೀದಿಗಿಳಿದರು. ಹದಿನೆಂಟು ದಿನಗಳಾಚೆ, ಆಗಸ್ಟ್ 16ಕ್ಕೆ, ಅದೇ ಊರಲ್ಲಿ ಕೋಮು ಹತ್ಯಾಕಾಂಡ. ಶಾಲೆಯಲ್ಲಿ ನಾವು ಓದಿದ್ದು ಆ ಆಗಸ್ಟಿನ ಬಗ್ಗೆ ಮಾತ್ರ.