ಪುಣೆ ಪ್ರವಾಸ: ಪೇಶ್ವೆಗಳ ಶನಿವಾರವಾಡದಿಂದ ಕಾರ್ಲಾ ಗುಹೆವರೆಗೆ, ದಾರಿಯುದ್ದಕ್ಕೂ ಕನ್ನಡದ ಗುರುತು

ಪುಣೆ ಎಂದರೆ ಕರ್ನಾಟಕದ ಹಲವರಿಗೆ ಐಟಿ ಕಂಪನಿ, ಕಾಲೇಜು ಅಥವಾ ಮುಂಬೈಗೆ ಹೋಗುವಾಗ ನಡುವೆ ಸಿಗುವ ನಿಲ್ದಾಣ. ಆದರೆ ಎರಡು ದಿನ ಬಿಡುವು ಮಾಡಿಕೊಂಡು ಹಳೆಯ ಪೇಟೆಗಳಲ್ಲಿ ಓಡಾಡಿದರೆ ಬೇರೆಯದೇ ಊರು ಕಾಣಿಸುತ್ತದೆ. ಕಾಲೇಜುಗಳ ಸಂಖ್ಯೆಯಿಂದಾಗಿ 'ಪೂರ್ವದ ಆಕ್ಸ್‌ಫರ್ಡ್' ಎಂದು ಹೆಸರಾದ ಈ ನಗರದ ಸುತ್ತ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದ ಕೋಟೆ, ಗುಹೆ, ಕ್ಷೇತ್ರಗಳೂ ಸಾಕಷ್ಟಿವೆ. ಇವುಗಳಲ್ಲಿ ಹಲವು ಜಾಗಗಳಿಗೆ ಕನ್ನಡ ನಾಡಿನ ನಂಟಿದೆ ಎಂಬುದು ವಿಶೇಷ.

ರಾಷ್ಟ್ರಕೂಟರ ಕಾಲದ ಊರು

ಪುಣೆಯ ಹೆಸರು ಎಂಟನೇ ಶತಮಾನದ ರಾಷ್ಟ್ರಕೂಟರ ತಾಮ್ರಪಟಗಳಲ್ಲೇ ಸಿಗುತ್ತದೆ. ಆ ಕಾಲದ ಕುರುಹನ್ನು ಕಣ್ಣಾರೆ ನೋಡಬೇಕಿದ್ದರೆ ಜಂಗಲಿ ಮಹಾರಾಜ್ ರಸ್ತೆಯಲ್ಲಿರುವ ಪಾತಾಳೇಶ್ವರ ಗುಹಾ ದೇವಾಲಯಕ್ಕೆ ಹೋಗಬೇಕು. ಒಂದೇ ಬಂಡೆಯಲ್ಲಿ ಕೊರೆದ ಶಿವಾಲಯ, ಅದರ ಮುಂದೆ ವೃತ್ತಾಕಾರದ ನಂದಿ ಮಂಟಪ. ಕೆಲಸ ಪೂರ್ತಿಯಾಗದೆ ಉಳಿದಿರುವುದು ಕಲ್ಲಿನಲ್ಲೇ ಕಾಣುತ್ತದೆ. ಹೊರಗೆ ವಾಹನಗಳ ಗದ್ದಲ, ನಾಲ್ಕು ಹೆಜ್ಜೆ ಒಳಗಿಟ್ಟರೆ ತಂಪು.

ಶಹಾಜಿ, ಪುಣೆ ಮತ್ತು ಬೆಂಗಳೂರು

ಪುಣೆಯ ಮರಾಠಾ ಚರಿತ್ರೆ ಕಸಬಾ ಪೇಟೆಯಿಂದ ಶುರುವಾಗುತ್ತದೆ. ಶಿವಾಜಿಯ ತಂದೆ ಶಹಾಜಿ ಭೋಸಲೆಗೆ ಪುಣೆ ಜಹಗೀರಾಗಿತ್ತು. 1630ರ ದಶಕದಲ್ಲಿ ಯುದ್ಧದಿಂದ ಹಾಳಾಗಿದ್ದ ಊರನ್ನು ಜೀಜಾಬಾಯಿ ಮತ್ತೆ ಕಟ್ಟಿಸಿದರು. ಕಸಬಾ ಗಣಪತಿ ದೇವಸ್ಥಾನ ಆ ಕಾಲದ್ದು. ಇಂದಿಗೂ ಗಣೇಶೋತ್ಸವದಲ್ಲಿ ಮೊದಲ ಗೌರವ ಈ ಗಣಪತಿಗೇ.

ಬಿಜಾಪುರದ ಆದಿಲ್‌ಶಾಹಿಗಳ ಸೇವೆಯಲ್ಲಿದ್ದ ಶಹಾಜಿಗೆ 1638ರ ನಂತರ ಬೆಂಗಳೂರು ಕೂಡ ಜಹಗೀರಾಗಿ ಸಿಕ್ಕಿತು. ಒಂದೇ ಮನೆತನ ಎರಡೂ ಊರುಗಳನ್ನು ಆಳಿತು. 1664ರಲ್ಲಿ ತೀರಿಕೊಂಡ ಶಹಾಜಿಯ ಸಮಾಧಿ ಇರುವುದು ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ.

ಶಿವಾಜಿ ಬಾಲ್ಯ ಕಳೆದ ಲಾಲ್ ಮಹಲ್ ಈಗ ಮೂಲರೂಪದಲ್ಲಿಲ್ಲ. ಇಂದು ಕಾಣುವುದು 20ನೇ ಶತಮಾನದ ಕೊನೆಯಲ್ಲಿ ಮಹಾನಗರ ಪಾಲಿಕೆ ಕಟ್ಟಿಸಿದ ಕಟ್ಟಡ. 1663ರಲ್ಲಿ ಶಿವಾಜಿ ರಾತ್ರೋರಾತ್ರಿ ನುಗ್ಗಿ ಮೊಘಲ್ ಸರದಾರ ಶಾಯಿಸ್ತಾ ಖಾನನ ಮೇಲೆ ದಾಳಿ ಮಾಡಿದ್ದು ಇದೇ ಜಾಗದಲ್ಲಿ.

ಶನಿವಾರವಾಡ: ಉಳಿದಿರುವುದು ಕೋಟೆಗೋಡೆ

ಲಾಲ್ ಮಹಲ್‌ನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಶನಿವಾರವಾಡ ಇದೆ. ಒಂದನೇ ಬಾಜೀರಾವ್ 1730ರಲ್ಲಿ ಅಡಿಪಾಯ ಹಾಕಿ, 1732ರಲ್ಲಿ ಗೃಹಪ್ರವೇಶ ಮಾಡಿದ ಅರಮನೆ ಇದು. ಉತ್ತರಕ್ಕೆ ಮುಖ ಮಾಡಿರುವ ದಿಲ್ಲಿ ದರವಾಜೆಯ ಬಾಗಿಲಿನ ಮೇಲಿನ ಕಬ್ಬಿಣದ ಮೊಳೆಗಳು ಆನೆಗಳು ಗುದ್ದದಂತೆ ತಡೆಯಲು ಹೊಡೆದವು. 1773ರಲ್ಲಿ ಹದಿಹರೆಯದ ಪೇಶ್ವೆ ನಾರಾಯಣರಾವ್ ಇದೇ ಅರಮನೆಯೊಳಗೆ ಕೊಲೆಯಾದರು.

1828ರಲ್ಲಿ ಬೆಂಕಿ ಬಿದ್ದು ಮರದ ಮಹಡಿಗಳೆಲ್ಲ ಸುಟ್ಟುಹೋದವು. ಈಗ ಒಳಗೆ ಸಿಗುವುದು ಅಡಿಪಾಯ, ಕಾರಂಜಿಗಳ ಅವಶೇಷ ಮತ್ತು ಹುಲ್ಲುಹಾಸು ಮಾತ್ರ. ಪೇಶ್ವೆಗಳ ಕಾಲದ ಮರದ ಕೆತ್ತನೆ ಹೇಗಿತ್ತೆಂದು ತಿಳಿಯಲು ಹತ್ತಿರದ ವಿಶ್ರಾಮಬಾಗ್ ವಾಡ ನೋಡಬಹುದು. ಶುಕ್ರವಾರ ಪೇಟೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ದೀಪ, ಅಡಕತ್ತರಿ, ವಾದ್ಯ, ಬಾಗಿಲುಗಳಂತಹ ಮನೆಬಳಕೆಯ ಸಾವಿರಾರು ವಸ್ತುಗಳಿವೆ. ಬಾಲ್ಯದಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗಾಗಿ ಕೇಳ್ಕರ್ ಇದಕ್ಕೆ ಆ ಹೆಸರಿಟ್ಟರು.

ಕಣ್ಮರೆಯಾಗುತ್ತಿರುವ ವಾಡಗಳು

ನಡುವೆ ಅಂಗಳ, ಸುತ್ತ ಮರದ ಕಂಬಗಳ ಪಡಸಾಲೆ ಇರುವ ಹಳೆಯ ಮನೆಗೆ ಇಲ್ಲಿ 'ವಾಡ' ಎನ್ನುತ್ತಾರೆ. ಪೇಟೆಗಳಲ್ಲಿ ಇಂತಹ ಎಷ್ಟೋ ವಾಡಗಳು ನೆಲಸಮವಾಗಿ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಹತ್ತಾರು ಪಾಲುದಾರರು, ಹಳೆಯ ಬಾಡಿಗೆದಾರರು, ದುರಸ್ತಿಯ ದುಬಾರಿ ಖರ್ಚು, ಏರಿದ ಜಾಗದ ಬೆಲೆ ಎಲ್ಲವೂ ಇದಕ್ಕೆ ಕಾರಣ.

ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಫುಲೆ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಭಿಡೆ ವಾಡದ ಕಥೆಯೂ ಹೀಗೇ ಆಯಿತು. ವರ್ಷಗಳ ಕಾಲ ನ್ಯಾಯಾಲಯದಲ್ಲಿದ್ದ ವ್ಯಾಜ್ಯ ಮುಗಿಯುವಷ್ಟರಲ್ಲಿ ಕಟ್ಟಡ ಶಿಥಿಲವಾಗಿತ್ತು. 2023ರ ಡಿಸೆಂಬರ್‌ನಲ್ಲಿ ಸ್ಮಾರಕ ಕಟ್ಟುವ ಸಲುವಾಗಿ ಅದನ್ನು ಕೆಡವಲಾಯಿತು. ಫುಲೆ ದಂಪತಿ ವಾಸವಿದ್ದ ಗಂಜ್ ಪೇಟೆಯ ಮನೆ ಮಾತ್ರ ಸ್ಮಾರಕವಾಗಿ ಉಳಿದಿದೆ. ಪುಣೆಯ ಹಳೆಯ ಬೀದಿಗಳನ್ನು ನೋಡುವ ಆಸೆ ಇರುವವರು ಹೆಚ್ಚು ತಡ ಮಾಡದಿರುವುದು ಒಳ್ಳೆಯದು.

ಆಗಾ ಖಾನ್ ಅರಮನೆ

1892ರಲ್ಲಿ ಕಟ್ಟಿದ ಈ ಅರಮನೆಯಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ವೇಳೆ ಗಾಂಧೀಜಿಯನ್ನು ಬಂಧನದಲ್ಲಿಡಲಾಗಿತ್ತು. 1942ರ ಆಗಸ್ಟ್ 15ರಂದು ಕಾರ್ಯದರ್ಶಿ ಮಹಾದೇವ ದೇಸಾಯಿ, 1944ರ ಫೆಬ್ರವರಿ 22ರಂದು ಕಸ್ತೂರಬಾ ಇಲ್ಲೇ ಕೊನೆಯುಸಿರೆಳೆದರು. ಇಬ್ಬರ ಸಮಾಧಿಗಳೂ ಆವರಣದಲ್ಲಿವೆ.

ಕನ್ನಡಿಗರ ಪುಣೆ

ವರಕವಿ ದ.ರಾ. ಬೇಂದ್ರೆ ಬಿ.ಎ. ಓದಿದ್ದು 1885ರಲ್ಲಿ ಸ್ಥಾಪನೆಯಾದ ಫರ್ಗ್ಯುಸನ್ ಕಾಲೇಜಿನಲ್ಲಿ. ಗಿರೀಶ ಕಾರ್ನಾಡರು 1974-75ರಲ್ಲಿ ಇಲ್ಲಿನ ಫಿಲ್ಮ್ ಅಂಡ್ ಟೆಲಿವಿಷನ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. ಗದಗಿನ ಭೀಮಸೇನ ಜೋಶಿ ನೆಲೆ ನಿಂತಿದ್ದು ಪುಣೆಯಲ್ಲೇ. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಅವರು ಆರಂಭಿಸಿದ ಸಂಗೀತೋತ್ಸವ ಇಂದಿಗೂ ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಸಂಗೀತಪ್ರಿಯರು ಆ ದಿನಗಳಿಗೇ ಪ್ರವಾಸ ಹೊಂದಿಸಿಕೊಳ್ಳಬಹುದು.

ಫರ್ಗ್ಯುಸನ್ ಕಾಲೇಜು ರಸ್ತೆಯ ಹೆಸರಾಂತ 'ವೈಶಾಲಿ' ಹೋಟೆಲ್ ಬೆಳೆಸಿದವರು ಕರಾವಳಿ ಕರ್ನಾಟಕದ ಜಗನ್ನಾಥ ಶೆಟ್ಟಿ. ಮಸಾಲೆ ದೋಸೆ, ಫಿಲ್ಟರ್ ಕಾಫಿ ಅಲ್ಲಿ ಪುಣೆಯವರದ್ದೇ ತಿಂಡಿಗಳಾಗಿವೆ. ಪುಣೆಯದೇ ರುಚಿ ಬೇಕೆಂದರೆ ಮಿಸಳ್, ಬಾಕರವಡಿ, ಐಸ್‌ಕ್ರೀಮ್ ಹಾಕಿದ ಗಟ್ಟಿ ಹಾಲಿನ ಮಸ್ತಾನಿ ಇದೆ.

ಒಂದು ದಿನದ ಪ್ರವಾಸಗಳು

ಸಿಂಹಗಡ: ನಗರದಿಂದ ಸುಮಾರು 30 ಕಿ.ಮೀ. ಹಳೆಯ ಹೆಸರು ಕೊಂಢಾಣ. 1670ರ ಫೆಬ್ರವರಿಯಲ್ಲಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟು ಗೆಲ್ಲಿಸಿದ ಕೋಟೆ. ಸ್ವಾರ್‌ಗೇಟ್‌ನಿಂದ ತಪ್ಪಲಿನವರೆಗೆ ನಗರ ಸಾರಿಗೆ ಬಸ್‌ಗಳಿವೆ. ಹತ್ತಿ ಹೋಗಬಹುದು, ಮೇಲಿನವರೆಗೆ ರಸ್ತೆಯೂ ಇದೆ. ಮೇಲೆ ಸಿಗುವ ಪಿಠ್ಲಾ-ಭಾಕ್ರಿ ಉತ್ತರ ಕರ್ನಾಟಕದವರಿಗೆ ನಮ್ಮ ಝುಣಕ-ರೊಟ್ಟಿಯನ್ನೇ ನೆನಪಿಸುತ್ತದೆ. ಪುಟ್ಟ ಮಡಕೆಯ ಗಟ್ಟಿ ಮೊಸರು ಮರೆಯಬೇಡಿ.

ಕಾರ್ಲಾ, ಭಾಜಾ ಮತ್ತು ಲೋಹಗಡ: ಪುಣೆ-ಲೋಣಾವಳ ಲೋಕಲ್ ರೈಲಿನಲ್ಲಿ ಮಳವಲಿ ನಿಲ್ದಾಣದಲ್ಲಿ ಇಳಿದರೆ ಮೂರೂ ಹತ್ತಿರ. ಕಾರ್ಲಾದ ಚೈತ್ಯಗೃಹ ಸುಮಾರು 45 ಮೀಟರ್ ಉದ್ದವಿದ್ದು, ಬಂಡೆಯಲ್ಲಿ ಕೊರೆದ ದೇಶದ ಅತಿದೊಡ್ಡ ಬೌದ್ಧ ಚೈತ್ಯಗೃಹ ಎನಿಸಿದೆ. ಚಾವಣಿಯಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಮರದ ಕಮಾನುಗಳು ಇನ್ನೂ ಇವೆ. ಇದನ್ನು ಪೂರ್ತಿಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಅಲ್ಲಿನ ಬ್ರಾಹ್ಮೀ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ಉತ್ತರ ಕನ್ನಡ ಜಿಲ್ಲೆಯ ಬನವಾಸಿ ಎಂದು ವಿದ್ವಾಂಸರು ಗುರುತಿಸುತ್ತಾರೆ. ಲೋಹಗಡ, ಶಿವನೇರಿ, ರಾಜಗಡ ಕೋಟೆಗಳು 2025ರ ಜುಲೈನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ 12 ಮರಾಠಾ ಕೋಟೆಗಳಲ್ಲಿ ಸೇರಿವೆ.

ಜೇಜುರಿ: ಸುಮಾರು 50 ಕಿ.ಮೀ. ದೂರದಲ್ಲಿರುವ ಖಂಡೋಬಾ ಕ್ಷೇತ್ರ. ನಮ್ಮಲ್ಲಿ ಮೈಲಾರಲಿಂಗ ಎಂದು ಪೂಜೆಗೊಳ್ಳುವ ದೇವರೇ ಮಹಾರಾಷ್ಟ್ರದ ಖಂಡೋಬಾ. ಭಕ್ತರು ಎರಚುವ ಭಂಡಾರದಿಂದ ಮೆಟ್ಟಿಲು, ದೀಪಮಾಲೆ ಕಂಬಗಳೆಲ್ಲ ಹಳದಿ. ಪುಣೆ-ಮಿರಜ್ ರೈಲು ಮಾರ್ಗದಲ್ಲೇ ಜೇಜುರಿ ನಿಲ್ದಾಣವಿದೆ.

ಆಳಂದಿ ಮತ್ತು ದೇಹು: ಇಂದ್ರಾಯಣಿ ನದಿ ದಡದ ಈ ಎರಡೂ ಊರುಗಳನ್ನು ಒಂದೇ ದಿನ ನೋಡಬಹುದು. ಆಳಂದಿಯಲ್ಲಿ ಸಂತ ಜ್ಞಾನೇಶ್ವರರ ಸಮಾಧಿಯಿದೆ. ದೇಹು ಸಂತ ತುಕಾರಾಮರ ಊರು. ಆಷಾಢ ಏಕಾದಶಿಗೆ ಪಂಢರಪುರ ತಲುಪುವ ಪಾಲಕಿಗಳು ಇಲ್ಲಿಂದಲೇ ಹೊರಡುತ್ತವೆ.

ಶಿವನೇರಿ: ಜುನ್ನರ್ ಬಳಿ, ಸುಮಾರು 95 ಕಿ.ಮೀ. ಶಿವಾಜಿ ಹುಟ್ಟಿದ ಕೋಟೆ. ಬೆಳಿಗ್ಗೆ ಬೇಗ ಹೊರಟರೆ ಮಾತ್ರ ಅದೇ ದಿನ ಮರಳಬಹುದು.

ಮಳೆಗಾಲದಲ್ಲಿ ಎಚ್ಚರ ತಪ್ಪಬೇಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿ ಹಸಿರಾಗುತ್ತದೆ, ಅಪಾಯವೂ ಆಗಲೇ ಹೆಚ್ಚು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟೆ ಬಳಿ ಹಠಾತ್ತನೆ ಏರಿದ ನೀರಿನಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. 2025ರ ಜೂನ್ 15ರಂದು ಇಂದ್ರಾಯಣಿ ನದಿಯ ಕುಂಡಮಳಾದಲ್ಲಿ ಹಳೆಯ ಕಬ್ಬಿಣದ ಸೇತುವೆ ಕುಸಿದು ನಾಲ್ವರು ಮೃತಪಟ್ಟರು. ಅಂದು ಭಾನುವಾರ, ಸೇತುವೆಯ ಮೇಲೆ ಪ್ರವಾಸಿಗರು ಕಿಕ್ಕಿರಿದಿದ್ದರು.

ನೀವು ನಿಂತ ಜಾಗದಲ್ಲಿ ಮಳೆ ಇಲ್ಲದಿದ್ದರೂ ಬೆಟ್ಟದ ಮೇಲೆ ಸುರಿದ ನೀರು ಕೆಲವೇ ನಿಮಿಷಗಳಲ್ಲಿ ಕೆಳಗೆ ಬರುತ್ತದೆ. ಹರಿಯುವ ನೀರಿಗೆ ಇಳಿಯಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಮಳೆಗಾಲದಲ್ಲಿ ಜಿಲ್ಲಾಡಳಿತ ಕೆಲವು ಕೋಟೆ, ಜಲಪಾತಗಳಿಗೆ ನಿರ್ಬಂಧ ಹೇರುವುದುಂಟು. ಹೊರಡುವ ಮುನ್ನ ವಿಚಾರಿಸಿ. ವಾರಾಂತ್ಯ ಬಿಟ್ಟು ಬೇರೆ ದಿನ ಹೋದರೆ ಜನಜಂಗುಳಿಯೂ ಕಡಿಮೆ.

ಹೋಗುವುದು ಹೇಗೆ, ಯಾವಾಗ?

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆ ಸುಮಾರು 840 ಕಿ.ಮೀ. ರಾತ್ರಿ ಬಸ್‌ಗಳು ಬೇಕಾದಷ್ಟಿವೆ. ರೈಲಿನಲ್ಲಾದರೆ ಉದ್ಯಾನ್ ಎಕ್ಸ್‌ಪ್ರೆಸ್ ಪುಣೆ ಮೂಲಕ ಮುಂಬೈಗೆ ಹೋಗುತ್ತದೆ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯವರಿಗೆ 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಇದೆ. ಅದು ವಾರದ ಎಲ್ಲ ದಿನವೂ ಓಡುವುದಿಲ್ಲ, ವೇಳಾಪಟ್ಟಿ ನೋಡಿಕೊಂಡೇ ಟಿಕೆಟ್ ಮಾಡಿಸಿ.

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ತಂಪು ದಿನಗಳು ಓಡಾಟಕ್ಕೆ ಸೂಕ್ತ. ಹಳೆಯ ಪೇಟೆಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಮೆಟ್ರೊದಲ್ಲಿ ಕಸಬಾ ಪೇಟೆ ಅಥವಾ ಮಂಡಯಿ ನಿಲ್ದಾಣಕ್ಕೆ ಬಂದು ಅಲ್ಲಿಂದ ನಡೆಯುವುದೇ ಸುಲಭ. ಎರಡು ದಿನ ನಗರಕ್ಕೆ, ಒಂದು ದಿನ ಕಾರ್ಲಾ-ಭಾಜಾಕ್ಕೆ, ಇನ್ನೊಂದು ದಿನ ಸಿಂಹಗಡ ಅಥವಾ ಜೇಜುರಿಗೆ ಇಟ್ಟುಕೊಂಡರೆ ನಾಲ್ಕು ದಿನಗಳಲ್ಲಿ ಮುಖ್ಯವಾದುದನ್ನೆಲ್ಲ ಅವಸರವಿಲ್ಲದೆ ನೋಡಿ ಬರಬಹುದು.